ಗಂಟು ಕೊಯ್ದು ನೋಡಿದ್ದು

ಪೂಜಿತಕ್ಕಾ,

ನನ್ನ ಕೆಟ್ಟ ಅಕ್ಷರ, ತಪ್ಪುಗಳನ್ನು ಕ್ಷಮಿಸು. ನೀನೆಲ್ಲಿದ್ದೀ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ.

ಐರೋಲಿಯ ಕೃಷಿ ಲ್ಯಾಬಿನಲ್ಲಿ ಬೇರು ತೊಳೆಯುವ ಕೆಲಸ ನನ್ನದು. ಅಲಸಂಡೆ ಬೇರಿನ ಗಂಟುಗಳೊಳಗಿನ ಬ್ಯಾಕ್ಟೀರಿಯಾಗಳಿಗೆ ಗಿಡ ಸಕ್ಕರೆ ಉಣಿಸುತ್ತದೆ. ಆ ಬಲದಿಂದ ಅವು ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರವಾಗಿಸುತ್ತವೆ. ನಿನ್ನೆ ಒಂದು ಗಿಡ ಸೊರಗಿತ್ತು. ಗಂಟಿನ ಬ್ಯಾಕ್ಟೀರಿಯಾಗಳು ಬರೀ ತಿಂದು ಕೂತಿವೆ ಎಂದು ಅನುಮಾನಿಸಿ, ಯಾರನ್ನೂ ಕೇಳದೆ ಗಿಡ ಕಿತ್ತು ಗಂಟು ಕೊಯ್ದೆ. ಒಳಗೆಲ್ಲ ಕೆಂಪು.

“ಕೆಂಪಿದ್ರೆ ಅವು ಕೆಲಸ ಮಾಡ್ತಿದ್ವು ಅಂತ ಅರ್ಥ, ಮಾರಾಯ್ತಿ! ಇನ್ನು ಗಿಡಕ್ಕೆ ನೀನೇ ಉಣಿಸು,” ಎಂದು ಮೇಲ್ವಿಚಾರಕ ಜಯಶೀಲಣ್ಣ ನಕ್ಕರು.

“ದಿನವಿಡೀ ಎಂತ ಮಾಡ್ತಿ, ತಿಂದು ಕೂರುದಾ?” ಎಂದು ಮನೆಯಲ್ಲಿದ್ದ ನಿನ್ನನ್ನು ಒಮ್ಮೆ ಕೇಳಿದ್ದೆ. ಆ ಮಾತಿಗೆ ನೀನು ಮನೆ ಬಿಟ್ಟ ಎಂಟೇ ದಿನಕ್ಕೆ, ಮಗ್ಗುಲು ಬದಲಿಸುವವರಿಲ್ಲದೆ ಹಾಸಿಗೆ ಹಿಡಿದ ಅಮ್ಮನ ಬೆನ್ನಲ್ಲಿ ಹುಣ್ಣಾಯಿತು.

ಈಗ ನಾನು ಕೆಲಸಕ್ಕೆ ಹೋದಾಗ ಪಕ್ಕದ ಮನೆಯ ಗಿರಿಜವ್ವ ಅಮ್ಮನ ಮಗ್ಗುಲು ಬದಲಿಸುತ್ತಾರಂತೆ. ನನಗೆ ನಂಬಿಕೆ ಬರಲಿಲ್ಲ. ಬದಲಿಸಿದರೆ ಬಿದ್ದು ಗೊತ್ತಾಗಲೆಂದು ಇವತ್ತು ಬೆಳಿಗ್ಗೆ ಅಮ್ಮನ ಹೊದಿಕೆಯ ಮೇಲೊಂದು ದಾರವಿಟ್ಟೆ. ಬಾಗಿಲವರೆಗೆ ಹೋದವಳು ತಿರುಗಿ ಬಂದು ಅದನ್ನು ತೆಗೆದೆ.