ಒತ್ತದೇ ಉಳಿದ ಗುಂಡಿ

ಅಂಗಡಿಯಿಂದ,
ಜೂನ್ ೧೨, ಮಧ್ಯಾಹ್ನ

ಪ್ರೀತಿಯ ಚೂಟಿ,

ಹೇಗಿದ್ದೀಯ ಮಗಳೇ? ಡೇರೆ ಹೊಲಿಯುವ ಕಾರ್ಖಾನೆಯಲ್ಲಿ ದಿನವಿಡೀ ನಿಂತೇ ಕೆಲಸ ಅಂತ ನಿಮ್ಮಮ್ಮ ಹೇಳಿದಳು. ಕಾಲು ಊದಿಕೊಂಡರೆ ಬಿಸಿನೀರಿನಲ್ಲಿ ಇಟ್ಟುಕೋ. ಹೆಬ್ಬೆರಳಿಗೆ ಸೂಜಿ ಚುಚ್ಚಿದ್ದು ವಾಸಿಯಾಯಿತೇ? ಅದನ್ನೂ ಹೇಳಿದ್ದು ಅವಳೇ. ನೀವಿಬ್ಬರೂ ಫೋನಿನಲ್ಲಿ ಮಾತನಾಡುವಾಗ ನಾನು ಪಕ್ಕದಲ್ಲೇ ಕೂತು ಯಾವುದೋ ಬ್ಯಾಗಿನ ಜಿಪ್ಪಿಗೆ ಮೇಣ ಉಜ್ಜುತ್ತಿರುತ್ತೇನೆ, ಕಿವಿ ಮಾತ್ರ ನಿಮ್ಮ ಕಡೆ. 'ಅಪ್ಪ ಹೇಗಿದ್ದಾರೆ?' ಅಂತ ಇವತ್ತಾದರೂ ಕೇಳುತ್ತೀಯೇನೋ ಅಂತ ಕಾಯುತ್ತೇನೆ. ನೀನು ಕೇಳದಿದ್ದರೂ ಹೇಳುತ್ತೇನೆ: ಮಂಡಿನೋವು ಹಾಗೇ ಇದೆ, ಕೋಪ ಮಾತ್ರ ಪೂರ್ತಿ ಇಳಿದಿದೆ.

ನೀನು ಅಂಗಡಿಗೆ ಅಂತ ಮಾಡಿಟ್ಟು ಹೋದ ವೆಬ್‌ಸೈಟನ್ನು ಈಗ ನಾನೇ ನೋಡಿಕೊಳ್ಳುತ್ತಿದ್ದೇನೆ. ನಗಬೇಡ. ಮೊದಲನೇ ದಿನ ನಾಲ್ಕು ಸೂಟ್‌ಕೇಸುಗಳ ಫೋಟೊ ಏರಿಸಿದೆ. ಆಮೇಲೆ ಆ ಪುಟ ತೆರೆಯುವಷ್ಟರಲ್ಲಿ ಒಂದು ಬ್ಯಾಗಿನ ಹಿಡಿ ಹೊಲಿದು ಮುಗಿಸಬಹುದಿತ್ತು. ಸಹಾಯದ ಪುಟ ಓದಿದರೆ, ಫೋಟೊ ತೀರಾ ದೊಡ್ಡದು, ಚಿಕ್ಕದು ಮಾಡಿ ಹಾಕಿ ಅಂತ ಇತ್ತು. ಹಾಕಿದೆ. ಫೋನಿನಲ್ಲಿ ಹೇಗೆ ಕಾಣುತ್ತದೆ ಅಂತ ಅದರೊಳಗೇ ತೋರಿಸುತ್ತದಲ್ಲ, ಅಲ್ಲಿ ನೋಡಿದರೆ ಅಕ್ಷರದ ಮೇಲೆ ಅಕ್ಷರ ಹತ್ತಿ ಕೂತಿತ್ತು. ಅದನ್ನೂ ಒಂದು ಭಾನುವಾರ ಪೂರ್ತಿ ಕೂತು ಬಿಡಿಸಿದೆ. ಗಿರಾಕಿಗಳು ಬರೆಯುವ ಸಂದೇಶ ಒಂದೂ ಬರುತ್ತಿಲ್ಲವಲ್ಲ ಅಂತ ಹುಡುಕಿದರೆ, ಹನ್ನೊಂದು ಸಂದೇಶ ಇಮೇಲಿನ ಕಸದ ಬುಟ್ಟಿಯಲ್ಲಿ ಬಿದ್ದಿದ್ದವು. ಅದರಲ್ಲಿ ಒಬ್ಬಾಕೆ ಹಾರ್ಮೋನಿಯಂ ಚೀಲಕ್ಕೆ ಪಟ್ಟಿ ಹಾಕಿಕೊಡಿ ಅಂತ ಮೂರು ಸಲ ಬರೆದು, ನಾಲ್ಕನೇ ಸಲ ನನ್ನನ್ನು ಬೈದೂ ಇದ್ದಳು. ನಿಮ್ಮಮ್ಮ ನನ್ನ ಸಾಹಸ ನೋಡಿ, 'ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕಿತ್ತು, ಸುಮ್ನೆ ಅವಳಿಗೊಂದು ಫೋನ್ ಮಾಡಬಾರದಾ?' ಅನ್ನುತ್ತಾಳೆ. ಯಾಕೆ ಬೇಕಿತ್ತು ಅಂತ ನಾನು ಅವಳಿಗೆ ಹೇಳಲಿಲ್ಲ. ನಿನಗೆ ಹೇಳುತ್ತೇನೆ.

ನೀನು ಮೇಲುಗಡೆ 'ಅಪ್ಪ ಮತ್ತು ಮಗಳು, ಬ್ಯಾಗ್ ರಿಪೇರಿ' ಅಂತ ಬರೆದು, ನಮ್ಮಿಬ್ಬರ ಫೋಟೊ ಅಕ್ಕಪಕ್ಕ ಹಾಕಿ ತೋರಿಸಿದ ದಿನ ನಾನು ಏನಂದೆ ಅನ್ನುವುದು ನಿನಗೂ ನೆನಪಿದೆ, ನನಗೂ ನೆನಪಿದೆ. ಅಂಗಡಿ ತುಂಬ ಗಿರಾಕಿಗಳಿರುವಾಗ, 'ಅಂಗಡಿ ನಂದು. ನಾಳೆ ಮದುವೆ ಮಾಡ್ಕೊಂಡು ಹೋಗೋಳ ಹೆಸರು ಯಾಕೆ?' ಅಂದುಬಿಟ್ಟೆ. ಹತ್ತು ವರ್ಷ ನನ್ನ ಪಕ್ಕದಲ್ಲಿ ಕೂತು ದಬ್ಬಳ ಹಿಡಿದವಳಿಗೆ ಆಡುವ ಮಾತೇ ಅದು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೀನು ಆಗಲೇ ಹೆಸರು ಅಳಿಸಿದೆ, ನಿನ್ನ ಫೋಟೊ ತೆಗೆದುಹಾಕಿದೆ. ಮರುವಾರ ನೀನು ಆ ಕಾರ್ಖಾನೆಯ ಕೆಲಸಕ್ಕೆ ಹೊರಟು, ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು, 'ಇನ್ಮೇಲೆ ಅಂಗಡಿ ಸಮಾಚಾರ ಆ ಪೇಜಲ್ಲೇ ನೋಡ್ಕೋತೀನಿ' ಅಂದೆ. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಫೋನಿನಲ್ಲಿ ತಪ್ಪಾಯಿತು ಅನ್ನಲು ನನ್ನ ನಾಲಿಗೆ ತಿರುಗುವುದಿಲ್ಲ, ನಿನಗೆ ಗೊತ್ತು. ಅದಕ್ಕೇ ಆ ಪುಟದ ತಲೆಯ ಮೇಲೆ ನಿನಗೆ ಬರೆಯತೊಡಗಿದೆ. 'ಚೂಟಿ, ತಪ್ಪು ನನ್ನದು.' 'ಚೂಟಿ, ನಿನ್ನ ದಬ್ಬಳ ನಿನ್ನ ಡಬ್ಬಿಯಲ್ಲೇ ಇದೆ, ಯಾರಿಗೂ ಮುಟ್ಟಲು ಬಿಟ್ಟಿಲ್ಲ.' 'ಚೂಟಿ, ಇವತ್ತು ನೀನು ಹೊಲಿದ ಹಳೇ ಚೀಲವೊಂದು ರಿಪೇರಿಗೆ ಬಂತು. ಬಟ್ಟೆ ಹರಿದಿದೆ, ಹೊಲಿಗೆ ಬಿಟ್ಟಿಲ್ಲ.' ಹೀಗೆ ನಾಲ್ಕು ತಿಂಗಳಲ್ಲಿ ಹತ್ತೊಂಬತ್ತು ಸಲ. ನಿನ್ನಿಂದ ಉತ್ತರವಿಲ್ಲ. ಎಲ್ಲ ಓದಿಯೂ ಸುಮ್ಮನಿದ್ದಾಳೆ, ಇವಳು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಒಳಗೊಳಗೇ ಬೈದುಕೊಂಡೂ ಇದ್ದೆ. ಕ್ಷಮಿಸು.

ನಿನ್ನೆ ಟೀಚರಮ್ಮ ಬಂದಿದ್ದರು. ಅದೇ, ನಿನಗೆ ಲೆಕ್ಕ ಕಲಿಸಿ ಈಗ ರಿಟೈರ್ ಆಗಿದ್ದಾರಲ್ಲ, ಅವರು. ನನ್ನ ಪುಟ ಹೇಗಿದೆ ನೋಡಿ ಅಂತ ಜಂಬದಿಂದ ಅವರ ಫೋನಿನಲ್ಲಿ ತೆರೆಸಿದೆ. ನನ್ನದೊಂದೇ ಗಂಟುಮುಖ, ಕೆಳಗೆ ಅಂಗಡಿ ತೆರೆಯುವ ಹೊತ್ತು, ಅಷ್ಟೇ. ಫೋನು ಹಳೆಯ ಪುಟವನ್ನೇ ನೆನಪಿಟ್ಟುಕೊಂಡಿದೆ, ಮತ್ತೆ ತೆರೆಯಿರಿ ಅಂತ ನಾನೇ ಅವರಿಗೆ ಪಾಠ ಹೇಳಿದೆ. ಮೂರು ಸಲ ತೆರೆದರೂ ಅದೇ ಗಂಟುಮುಖ. ಕೊನೆಗೆ ಅವರು ಕನ್ನಡಕ ಹಾಕಿಕೊಂಡು ನನ್ನ ಕಂಪ್ಯೂಟರಿನ ಮುಂದೆ ಕೂತು, 'ಯಜಮಾನ್ರೇ, ಬರೆದಿದ್ದೆಲ್ಲ ಸೇವ್ ಮಾಡಿದ್ದೀರಿ, ಪಬ್ಲಿಷ್ ಒಂದ್ಸಲಾನೂ ಒತ್ತಿಲ್ವಲ್ರೀ!' ಅಂದರು. ಮೂಲೆಯಲ್ಲಿ ಒಂದು ನೀಲಿ ಗುಂಡಿ ಇದೆಯಲ್ಲ, ಅದನ್ನು ಒತ್ತಿದರೆ ಮಾತ್ರ ಬರೆದದ್ದು ಹೊರಗಿನವರಿಗೆ ಕಾಣುವುದಂತೆ. ನಾನು ಅದನ್ನು ಯಾವುದೋ ಜಾಹೀರಾತು ಅಂದುಕೊಂಡಿದ್ದೆ. ಹೊಲಿದ ಬ್ಯಾಗನ್ನೆಲ್ಲ ಕಪಾಟಿನೊಳಗಿಟ್ಟು, ಗಿರಾಕಿ ಯಾಕೆ ಚೆನ್ನಾಗಿದೆ ಅನ್ನಲಿಲ್ಲ ಅಂತ ಕೊರಗಿದ ಹಾಗಾಯಿತು ನನ್ನ ಕಥೆ. ನಾಲ್ಕು ತಿಂಗಳು ನೀನು ಆ ಪುಟ ತೆರೆದಾಗಲೆಲ್ಲ ನಿನಗೆ ಕಂಡದ್ದು ನಾನೊಬ್ಬನೇ, ಒಂದು ಮಾತೂ ಇಲ್ಲದೆ. ಅದನ್ನು ನೆನೆದು ಟೀಚರಮ್ಮನ ಎದುರಿಗೇ ಅತ್ತುಬಿಟ್ಟೆ ಮಗಳೇ. ಅವರು ಹತ್ತೊಂಬತ್ತನ್ನೂ ಓದಿ, ಕನ್ನಡಕ ಒರೆಸಿಕೊಂಡು, 'ಮೊದಲು ಒಂದು ಕಾಗದ ಬರೀರಿ' ಅಂತ ಹೇಳಿ ಹೋದರು.

ಹೊತ್ತಿಗೆ ಸರಿಯಾಗಿ ಊಟ ಮಾಡು, ಕಣ್ಣಿಗೆ ಆಯಾಸ ಮಾಡಿಕೊಳ್ಳಬೇಡ. ನಿನ್ನ ಕೈಯ ಹೊಲಿಗೆ ಎಲ್ಲಿದ್ದರೂ ಬಿಚ್ಚದಿರಲಿ.

ನಿನ್ನ ಮೊಂಡ
ಅಪ್ಪ

ಮತ್ತೆ: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆ ಹತ್ತೊಂಬತ್ತನ್ನೂ ಪುಟದಿಂದ ಅಳಿಸಿದೆ, ಗಿರಾಕಿಗಳು ಓದುವಂಥದ್ದಲ್ಲ. ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಆಮೇಲೆ ಮೇಲಿನ ಹೆಸರನ್ನು ನೀನು ಮೊದಲು ಬರೆದಿದ್ದ ಹಾಗೇ ಮಾಡಿ, ನಿನ್ನ ಫೋಟೊಗೂ ಜಾಗ ಬಿಟ್ಟು, ನೀಲಿ ಗುಂಡಿ ಒತ್ತಿದೆ. ಟೀಚರಮ್ಮನಿಗೆ ಫೋನ್ ಮಾಡಿ ಕೇಳಿದೆ, ಈಗ ಅವರ ಫೋನಿನಲ್ಲೂ 'ಅಪ್ಪ ಮತ್ತು ಮಗಳು' ಅಂತಲೇ ಇದೆಯಂತೆ. ನನ್ನ ಮುಖದ ಪಕ್ಕ ಮಾತ್ರ ಒಂದು ಬೂದು ಚೌಕ ಖಾಲಿ ಕಾಣುತ್ತದೆ, ಫೋಟೊ ಹಾಕದ ಕಡೆ ಹಾಗೇ ಕಾಣುತ್ತದೆ ಅಂತ ಸಹಾಯದ ಪುಟ ಹೇಳುತ್ತದೆ. ಹಳೆಯದೊಂದು ಹಾಕಿ ಅಂದಳು ನಿಮ್ಮಮ್ಮ, ನಾನು ಒಪ್ಪಲಿಲ್ಲ. ನಿನ್ನ ಸ್ಟೂಲು ಒರೆಸಿಟ್ಟಿದ್ದೇನೆ. ನೀನು ಬಂದು ಅದರ ಮೇಲೆ ಕೂತ ಮೇಲೆಯೇ ಹೊಸದು ತೆಗೆದು ಹಾಕೋಣ. ಬರುತ್ತೀಯಲ್ಲ?