ಮೆಂತ್ಯದ ಡಬ್ಬಿ ತಂದುಕೊಟ್ಟ ದಿನ

ನೋಯ್ಡಾ, ಸೆಕ್ಟರ್ ೬೨
೨ ಏಪ್ರಿಲ್ ೨೦೨೫, ಬುಧವಾರ

ಪ್ರೀತಿಯ ಶಾರದಕ್ಕನಿಗೆ,

ರತ್ನ ಮಾಡುವ ನಮಸ್ಕಾರಗಳು. ಮೊದಲೇ ಹೇಳಿಬಿಡುತ್ತೇನೆ, ಕಾಗದ ಬಂತೆಂದು ಎದೆ ಒಡೆದುಕೊಳ್ಳಬೇಡಿ. ಇದರಲ್ಲಿ ಕೆಟ್ಟ ಸುದ್ದಿ ಇಲ್ಲ. ನಿಮ್ಮ ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಸೀಸೆ ಹಾಗೇ ಕಿಟಕಿಯಲ್ಲಿದೆಯೋ? ಹಿರಿಯೂರಿನಲ್ಲಿ ಬಿಸಿಲು ಈಗಾಗಲೇ ಏರಿರಬೇಕು, ಮಧ್ಯಾಹ್ನದ ಹೊತ್ತು ಹೊರಗೆ ಹೋಗಬೇಡಿ. ರಸ್ತೆ ದಾಟುವಾಗ ಕಿವಿಯ ಮಿಷನ್ ಹಾಕಿಕೊಂಡಿರಿ. ಅದನ್ನು ಹಾಕಿಕೊಂಡರೂ ಫೋನಿನಲ್ಲಿ ನಿಮಗೆ ನಾನು ಹೇಳಿದ್ದು ಒಂದು, ಕೇಳಿಸುವುದು ಇನ್ನೊಂದು. ಹೋದ ಸಲ ನಾನು ಜ್ವರ ಬಿಟ್ಟಿದೆ ಎಂದರೆ ನೀವು ಯಾರು ಬಿಟ್ಟುಹೋದರು ಎಂದು ಅತ್ತಿರಿ. ಅದಕ್ಕೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ. ಎರಡು ಸಲ ಶಾಲೆ ಬಿಟ್ಟು, ಒಂದು ಸಲ ಮತ್ತೆ ಸೇರಿ, ಆರನೆಯ ತರಗತಿ ಮುಗಿಸಿದೆನೋ ಇಲ್ಲವೋ ಎಂಬುದೇ ನನಗೆ ಸರಿಯಾಗಿ ಗೊತ್ತಿಲ್ಲ.

ದೀಪಾವಳಿ ಕಳೆದ ಮೇಲೆ ನಿಮ್ಮ ತಮ್ಮನಿಗೆ ಪಾರ್ಶ್ವವಾಯು ಬಡಿದದ್ದು, ಬಲಗೈ ಸೋತದ್ದು, ಮಾತು ನಿಂತದ್ದು ನಿಮಗೆ ತಿಳಿದೇ ಇದೆ. ಕಾಲು ಸ್ವಲ್ಪ ಸ್ವಲ್ಪವಾಗಿ ಸುಧಾರಿಸಿ ಈಗ ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಾರೆ. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತದೆ. ಆದರೆ ಮಾತು ಬರಲಿಲ್ಲ. ಬಂದದ್ದು ಒಂದೇ, "ಪುಟ್ ಅಪ್." ಕಚೇರಿಯಲ್ಲಿ ಫೈಲನ್ನು ಸಾಹೇಬರ ಮುಂದಿಡಿ ಎನ್ನಲು ಜೀವಮಾನವಿಡೀ ಬರೆದ ಮಾತಂತೆ ಅದು. ನೀರು ಬೇಕೆಂದರೂ ಪುಟ್ ಅಪ್, ಫ್ಯಾನು ನಿಲ್ಲಿಸಿ ಎನ್ನಲೂ ಪುಟ್ ಅಪ್. ಅನನ್ಯಾ ಮೊದಮೊದಲು ನಕ್ಕಳು. "ಅಜ್ಜೀ, ತಾತ ಫನ್ನಿ ಹೋ ಗಯೇ" ಅಂದಳು, ತಾತ ತಮಾಷೆಯಾಗಿಬಿಟ್ಟರು ಎಂದು. ಒಂದು ದಿನ ತಾತನ ಕಣ್ಣಲ್ಲಿ ನೀರು ನೋಡಿದ ಮೇಲೆ ನಗುವುದನ್ನು ಬಿಟ್ಟಳು. ಮಗುವೇ ನಗು ಬಿಟ್ಟಿತಲ್ಲ ಎಂದು ನನಗೆ ಇನ್ನಷ್ಟು ಭಯವಾಯಿತು.

ಮಾತು ಕಲಿಸುವ ಹುಡುಗಿಯೊಬ್ಬಳು ಆಸ್ಪತ್ರೆಯಲ್ಲಿದ್ದಾಳೆ, ಗರಿಮಾ ಎಂದು, ಮೀರತ್ ಕಡೆಯವಳು. ಬಹಳ ತಾಳ್ಮೆಯ ಹುಡುಗಿ. ಮೊದಲ ದಿನವೇ "ಅಂಕಲ್‌ಗೆ ಯಾವ ಭಾಷೆ ಚೆನ್ನಾಗಿ ಬರುತ್ತಿತ್ತು?" ಎಂದು ಕೇಳಿದಳು. ಸಂದೀಪ "ಇಂಗ್ಲಿಷ್" ಅಂದ. ಅವನು ಹೇಳಿದ್ದರಲ್ಲಿ ತಪ್ಪೇನಿದೆ ಹೇಳಿ. ಅಪ್ಪ ಬರೆದ ಇಂಗ್ಲಿಷಿಗೆ ದೊಡ್ಡ ಸಾಹೇಬರೂ ಕೈ ಹಾಕುತ್ತಿರಲಿಲ್ಲ ಎಂಬುದನ್ನು ಕೇಳಿಯೇ ಅವನು ಬೆಳೆದದ್ದು. ಗರಿಮಾ ಲೋಟ, ಕುರ್ಚಿ, ಬೀಗದ ಕೈ ಎಲ್ಲದರ ಚಿತ್ರವಿರುವ ಇಂಗ್ಲಿಷ್ ಕಾರ್ಡು ಹಿಡಿದಳು, ಆಮೇಲೆ ಹಿಂದಿಯದು ಹಿಡಿದಳು. ಇವರು ನೋಡುವರು, ಬೆವರುವರು, ಪುಟ್ ಅಪ್ ಎನ್ನುವರು. ಚಳಿಗಾಲವೆಲ್ಲ ಹೀಗೇ ಹೋಯಿತು. ಮಾರ್ಚಿನಲ್ಲಿ ಗರಿಮಾ ಸಂದೀಪನನ್ನು ಪಕ್ಕಕ್ಕೆ ಕರೆದು, ಓದು ಬರಹ ಮರಳುವ ಆಸೆ ಕಡಿಮೆ, ಇನ್ನು ಸನ್ನೆ ಕಲಿಸೋಣ ಎಂದಳಂತೆ. ಅವನು ಮನೆಗೆ ಬಂದು ಷೂಸು ಬಿಚ್ಚದೆ ಬಾಗಿಲಲ್ಲೇ ಕೂತ. ಒಳಗಿನಿಂದ ಇವರು ನಮ್ಮಿಬ್ಬರನ್ನೂ ನೋಡುತ್ತಿದ್ದರು. ಕೇಳಿಸಿಕೊಂಡರೆಂದೇ ನನ್ನ ಅನುಮಾನ. ಪೇಪರು ಹಿಡಿದುಕೊಳ್ಳದೆ ಕಾಫಿ ಕುಡಿಯದ ಮನುಷ್ಯ, ಅಕ್ಕಾ. ಓದು ಹೋದರೆ ಇವರಲ್ಲಿ ಇನ್ನೇನು ಉಳಿಯುತ್ತದೆ ಎಂದು ನನಗೆ ಅನ್ನ ಇಳಿಯಲಿಲ್ಲ.

ಇನ್ನು ಡಬ್ಬಿಯ ವಿಷಯ. ಸೊಸೆ ಪ್ರಕೃತಿ ಅಡುಗೆಮನೆಗೆ ಸ್ಟೀಲಿನ ಡಬ್ಬಿಗಳನ್ನು ತರಿಸಿದ್ದಾಳೆ, ಎಲ್ಲ ಒಂದೇ ಅಚ್ಚು, ಒಂದೇ ಅಳತೆ. ನೋಡಲು ಚೆನ್ನ. ಆದರೆ ನನ್ನ ಸ್ವಭಾವ ನಿಮಗೆ ಗೊತ್ತಲ್ಲ, ಜೀರಿಗೆ ಎಂದು ಓಮ ಹಾಕಿಬಿಟ್ಟರೆ, ಅಡುಗೆ ಸೋಡ ಎಂದು ಇನ್ನೇನೋ ಹಾಕಿಬಿಟ್ಟರೆ ಎಂದು ಒಂದೊಂದರ ಹೊಟ್ಟೆಗೂ ಕನ್ನಡದಲ್ಲಿ ಹೆಸರು ಬರೆದು ಅಂಟಿಸಿದ್ದೆ. ಪ್ರಕೃತಿ ಬೆಳೆದದ್ದು ದೆಹಲಿಯಲ್ಲಿ, ಕನ್ನಡ ಆಡುತ್ತಾಳೆ, ಓದಲು ಬರುವುದಿಲ್ಲ. "ಅತ್ತೇ, ಇದು ನಿಮ್ಮ ಸೀಕ್ರೆಟ್ ಕೋಡಾ? ಸಕ್ಕರೆ ಯಾವುದು ಅಂತ ನಂಗೆ ಹೇಗೆ ಗೊತ್ತಾಗ್ಬೇಕು?" ಎಂದು ರೇಗಿಸುತ್ತಾಳೆ. ಸಂದೀಪನಿಗೂ ಓದಲು ಬಾರದು. ಈ ಮನೆಯಲ್ಲಿ ಕನ್ನಡ ಓದುವವರು ಇದ್ದದ್ದು ನಾನು ಮತ್ತು ಇವರು ಮಾತ್ರ. ಗರಿಮಾ ಕೇಳಿದಾಗ ಕನ್ನಡವೆಂಬುದು ಯಾರ ನೆನಪಿಗೂ ಬಾರದೆ ಹೋದದ್ದು ಇದಕ್ಕೇ ಇರಬೇಕು. ಮನೆಯಲ್ಲಿ ಆಡುವುದನ್ನು ಯಾರು ವಿದ್ಯೆ ಎಂದುಕೊಳ್ಳುತ್ತಾರೆ?

ಯುಗಾದಿಗೆ ಎರಡು ವಾರ ಮುಂಚೆ ಡಬ್ಬಿಗಳನ್ನೆಲ್ಲ ತೊಳೆದು ಒರೆಸಿ, ಚೀಟಿಗಳನ್ನು ಹೊಸದಾಗಿ ಬರೆದು ಅಂಟಿಸಿ, ಕೈಗೆ ಬಂದ ಹಾಗೆ ಜೋಡಿಸಿಟ್ಟೆ. ಮರುದಿನ ಹುಳಿಗೆ ಒಗ್ಗರಣೆ ಇಟ್ಟು, "ಮೆಂತ್ಯ ಎಲ್ಲಿ ಇಟ್ಟೆನಪ್ಪಾ" ಎಂದು ನನ್ನಷ್ಟಕ್ಕೆ ಗೊಣಗಿಕೊಂಡೆ. ಇವರು ಬಾಗಿಲಲ್ಲಿ ನಿಂತಿದ್ದರು. ಕೋಲು ಗೋಡೆಗೆ ಒರಗಿಸಿ ಒಳಗೆ ಬಂದರು. ಬಿದ್ದಾರು ಎಂದು ನಾನು ಹಿಡಿಯಲು ಹೋದರೆ ಕೈ ಕೊಡವಿದರು. ಎಡಗೈ ಬೆರಳನ್ನು ಒಂದೊಂದೇ ಚೀಟಿಯ ಮೇಲೆ ಎಳೆಯುತ್ತಾ ಹೋದರು. ಸಾಸಿವೆ ದಾಟಿದರು. ಧನಿಯ ದಾಟಿದರು. ಒಂದು ಕಡೆ ನಿಂತು, ಆ ಡಬ್ಬಿ ಎತ್ತಿ ನನ್ನ ಮುಂದೆ ಹಿಡಿದರು. ಮೆಂತ್ಯವೇ. ಅದೃಷ್ಟಕ್ಕೆ ಸಿಕ್ಕಿರಬಹುದು ಎಂದುಕೊಂಡು, ಹುಷಾರಾಗಿ "ಓಮ ಒಂದಿಷ್ಟು ಕೊಡಿ" ಎಂದೆ. ಹುಳಿಗೆ ಓಮ ಏಕೆಂದು ಒಮ್ಮೆ ನನ್ನನ್ನು ದುರುಗುಟ್ಟಿ ನೋಡಿದರು, ನೋಡಿ ಓಮವನ್ನೂ ತಂದರು. ಆಮೇಲೆ ನಾನು ಮೆಂತ್ಯದ ಚೀಟಿ ತೋರಿಸಿ "ಇದೇನು, ಹೇಳಿ" ಎಂದೆ. ತುಟಿ ಕೂಡಿಸಿದರು, ಬಿಟ್ಟರು, ಮತ್ತೆ ಕೂಡಿಸಿದರು. "ಮೆಂ... ತ್ಯ." ಅಕ್ಕಾ, ಒಗ್ಗರಣೆ ಸೀದು ಕರಿಕಲಾಗಿ, ಮನೆಯೆಲ್ಲ ಹೊಗೆ ತುಂಬಿ, ಪಕ್ಕದ ಫ್ಲಾಟಿನವರು ಬಾಗಿಲು ಬಡಿದಾಗಲೇ ನನಗೆ ಎಚ್ಚರ. ಹೊಗೆಯಿಂದ ಇವರಿಗೆ ಕೆಮ್ಮು ಬಂದು ಬಿ.ಪಿ. ಏರಿದರೆ ಎಂಬ ಭಯ ಬೇರೆ.

ಸಂದೀಪನಿಗೆ ಹೇಳಿದರೆ, "ಅಮ್ಮಾ, ಆಸೆ ಇಟ್ಕೊಂಡು ಆಮೇಲೆ ಅಳಬೇಡ. ಏನೋ ಲಕ್ಕಿಗೆ ಸಿಕ್ಕಿರಬಹುದು" ಅಂದ. ಸರಿ, ಹಾಗಾದರೆ ಗರಿಮಾಳೇ ನೋಡಲಿ ಎಂದು ಡಬ್ಬಿಗಳನ್ನೆಲ್ಲ ದೊಡ್ಡ ಚೀಲಕ್ಕೆ ತುಂಬಿದೆ. ಆಸ್ಪತ್ರೆ ಗೇಟಿನಲ್ಲಿ ಸೆಕ್ಯುರಿಟಿಯವನು ಚೀಲ ಬಿಚ್ಚಿಸಿ, "ಮಾತಾಜೀ, ಪೂರಾ ಕಿಚನ್ ಲೇ ಆಯೀ ಕ್ಯಾ?", ಅಡುಗೆಮನೆಯನ್ನೇ ಹೊತ್ತು ತಂದಿರಾ ಎಂದು ಎಲ್ಲರೆದುರು ನಕ್ಕ. ನನಗೆ ನೆಲ ಬಿರಿಯಬಾರದೇ ಎನಿಸಿತು. ಗರಿಮಾ ನಗಲಿಲ್ಲ. ಅವಳಿಗೆ ಕನ್ನಡ ಬಾರದು, ಸರಿಯೋ ತಪ್ಪೋ ಹೇಗೆ ತಿಳಿಯಬೇಕು? ಅವಳೇ ಉಪಾಯ ಮಾಡಿದಳು. ನನ್ನ ಮುಖ ನೋಡಿ ಇವರು ಉತ್ತರ ಹುಡುಕಬಾರದೆಂದು ನನ್ನನ್ನು ಹೊರಗೆ ಕೂರಿಸಿದಳು. ವಾಸನೆ ಹಿಡಿಯಬಾರದೆಂದು ಡಬ್ಬಿಗಳ ಮುಚ್ಚಳ ಬಿಗಿದು ಮೇಜಿನ ಆಚೆ ತುದಿಗೆ ಇಟ್ಟಳು, ಮುಟ್ಟದೆ ಬೆರಳು ಮಾತ್ರ ತೋರಿಸಿ ಎಂದಳು. ಅವಳು ಹಿಂದಿಯಲ್ಲಿ "ಮೇಥಿ" ಎನ್ನುವುದು, ಇವರು ಕನ್ನಡದ ಚೀಟಿಗೆ ಬೆರಳು ತೋರಿಸುವುದು, ಅವಳು ಮುಚ್ಚಳ ತೆಗೆದು ನೋಡುವುದು. "ಹಲ್ದೀ" ಅಂದಳಂತೆ, ಅರಿಸಿನ ಸಿಕ್ಕಿತು. "ಇಮ್ಲೀ" ಅಂದಳಂತೆ, ಹುಣಸೆ ಸಿಕ್ಕಿತು. ಒಳಗಿದ್ದ ಸಂದೀಪ ಆಮೇಲೆ ಇದನ್ನೆಲ್ಲ ನನಗೆ ಎರಡೆರಡು ಸಲ ಹೇಳಿದ. ಹೊರಗೆ ನಾನು ಬಾಗಿಲ ಮೇಲೆ ಕಣ್ಣಿಟ್ಟು ಸೆರಗಿನ ತುದಿಯ ದಾರವನ್ನೆಲ್ಲ ಎಳೆದುಹಾಕಿದ್ದೆ. ಬಾಗಿಲು ತೆರೆದು ಆ ಹುಡುಗಿ ಓಡಿ ಬಂದಳು, "ಆಂಟೀಜೀ, ಅಂಕಲ್ ಪಢ್ ರಹೇ ಹೈಂ!" ಓದುತ್ತಿದ್ದಾರೆ ಎಂದು. ಅವಳ ಕೈಯೆಲ್ಲ ಅರಿಸಿನ, ನನ್ನ ಕೆನ್ನೆಗೂ ಆಯಿತು.

ಆಮೇಲೆ ಗರಿಮಾ ಬಿಡಿಸಿ ಹೇಳಿದಳು. ಬಾಲ್ಯದಲ್ಲಿ ಕಲಿತ ಅಕ್ಷರ ಒಮ್ಮೊಮ್ಮೆ ಬೇರೆ ಎಲ್ಲ ಹೋದರೂ ಉಳಿದಿರುತ್ತದಂತೆ, ಎಲ್ಲರಿಗೂ ಹಾಗೆ ಆಗುವುದಿಲ್ಲವಂತೆ, ಇವರಿಗೆ ಆಗಿದೆ. ನೀವು ಕೈ ಹಿಡಿದು ಹಿರಿಯೂರಿನ ಶಾಲೆಗೆ ಸೇರಿಸಿದ್ದು ಇಷ್ಟು ವರ್ಷ ಒಳಗೇ ಇತ್ತು ಅಕ್ಕಾ. "ಕನ್ನಡದ ಕಾರ್ಡುಗಳನ್ನು ನೀವೇ ಬರೆಯಬೇಕು" ಎಂದಳು. ನನ್ನ ಅಕ್ಷರ ಆಸ್ಪತ್ರೆಗೇ ಎಂದು ಹಿಂದೆಗೆದೆ. ಬ್ಯಾಂಕಿನಲ್ಲಿ ಸಹಿ ಹಾಕಲು ಹೆದರಿ ಹೆಬ್ಬೆಟ್ಟು ಒತ್ತಿ ಬಂದವಳು ನಾನು. ಆದರೂ ಬರೆದೆ. ಮೊದಲು ಅ ಅಗಸ ಆ ಆನೆ ಎಂದು ಮಕ್ಕಳ ಹಾಗೆ ಶುರುಮಾಡಿದರೆ ಇವರು ಕಾರ್ಡನ್ನು ಎಸೆದರು. ಸರಿಯಾಗಿಯೇ ಮಾಡಿದರು. ಆಮೇಲೆ ಚಾಪುಡಿ, ಕನ್ನಡಕ, ಲಿಫ್ಟು, ಪೆನ್ಷನ್ನು, ಸಂಡಿಗೆ ಎಂದು ಅವರ ಬದುಕಿನದನ್ನೇ ಬರೆದೆ. ಗರಿಮಾಳದು ಒಂದೇ ಕಟ್ಟಪ್ಪಣೆ: ಎಷ್ಟೇ ತಡವಾಗಲಿ, ಮಾತನ್ನು ನಾನು ಬಾಯಿಗೆ ಎತ್ತಿಕೊಡಬಾರದು. ಉಪವಾಸ ಇರು ಎಂದಿದ್ದರೆ ಇರುತ್ತಿದ್ದೆ, ಇದು ಅದಕ್ಕಿಂತ ಕಷ್ಟ. ಅವಳು ಇವರ ಮೌನವನ್ನೇ ನೋಡಿ ಈಗ ಬರುತ್ತದೆ, ಈಗ ಇಲ್ಲ ಎಂದು ಹೇಳಬಲ್ಲಳು. ಅದೂ ಒಂದು ಓದೇ. ಶಾಲೆಯಲ್ಲಿ ಕಲಿತದ್ದು ಮಾತ್ರ ಓದು, ಅದು ನನಗಿಲ್ಲ ಎಂದು ಇಷ್ಟು ವರ್ಷ ಕುಗ್ಗಿಕೊಂಡೇ ಇದ್ದೆ. ಮೆಟ್ರೋ ಹತ್ತಿದರೆ ಬೋರ್ಡು ಓದಲಾರದೆ ಅನನ್ಯಾಳ ಕೈ ಹಿಡಿಯುವವಳು. ಈಗ ನೋಡಿದರೆ ಎಲ್ಲರಿಗೂ ಏನೋ ಒಂದು ಓದಲು ಬಾರದು, ಇನ್ನೊಬ್ಬರು ಓದಿ ಹೇಳಬೇಕು.

ಭಾನುವಾರ ಯುಗಾದಿ. ನಮ್ಮ ಸೊಸೈಟಿಯ ಕನ್ನಡದ ಮನೆಯವರೆಲ್ಲ ಕೇಶವಮೂರ್ತಿಗಳ ಮನೆಯಲ್ಲಿ ಸೇರುವುದು, ಇವರು ಪಂಚಾಂಗ ಓದುವುದು ಪ್ರತಿ ವರ್ಷದ ಪದ್ಧತಿ. ಈ ಸಲ ಕೇಶವಮೂರ್ತಿಗಳು ಹೊಸ ಮೊಬೈಲು ಹಿಡಿದು ಕೂತಿದ್ದರು. "ರತ್ನಮ್ಮನವರೇ, ಈಗ ಯಾರೂ ಓದಬೇಕಾಗೇ ಇಲ್ಲ, ಇದೇ ಓದುತ್ತೆ! ಗೋಪಿ ಆರಾಮಾಗಿ ಕೂತು ಕೇಳಲಿ" ಎಂದು ಇವರ ಬೆನ್ನು ತಟ್ಟಿದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಮೊಬೈಲಿನಿಂದ ಒಬ್ಬ ಹೆಂಗಸಿನ ದನಿ ಹೊರಟಿತು. ಇವರು ಎಡಗೈ ಚಾಚಿ ಮಣೆಯ ಮೇಲಿದ್ದ ಪಂಚಾಂಗ ತೋರಿಸಿ ಗಟ್ಟಿಯಾಗಿ, "ಪುಟ್ ಅಪ್!" ಎಂದರು. ನಾಲ್ಕು ಜನ ನಕ್ಕರು. ಕೇಶವಮೂರ್ತಿಗಳೂ ಸರ್ಕಾರಿ ಕಚೇರಿಯಲ್ಲಿ ಇದ್ದವರಲ್ಲವೇ, ಅವರಿಗೆ ಅರ್ಥವಾಯಿತು. ಮೊಬೈಲು ನಿಲ್ಲಿಸಿದರು, ಎದ್ದು ಪುಸ್ತಕ ತಂದು ಇವರ ತೊಡೆಯ ಮೇಲಿಟ್ಟರು.

"ಶ್ರೀ" ಎಂದರು ನಿಮ್ಮ ತಮ್ಮ. ಆಮೇಲೆ "ವಿ... ಶ್ವಾ..." ಎಂದು ನಿಂತರು. ನಿಂತೇಬಿಟ್ಟರು. ಹಣೆಯಲ್ಲಿ ಬೆವರು. ಮಕ್ಕಳು ಪಿಸುಗುಟ್ಟಿದರೆ ಕೇಶವಮೂರ್ತಿಗಳು "ಏಯ್, ಚುಪ್!" ಎಂದು ಗದರಿದರು. ಮಾತು ನನ್ನ ನಾಲಿಗೆ ತುದಿಯಲ್ಲಿತ್ತು ಅಕ್ಕಾ, ಸೆರಗು ಬಾಯಿಗೆ ತುರುಕಿಕೊಂಡೆ. ಎಲ್ಲರೆದುರು ಸೋತರೆ ಇನ್ನೆಂದೂ ಪುಸ್ತಕ ಮುಟ್ಟುವುದಿಲ್ಲ ಈ ಮನುಷ್ಯ, ಯಾಕೆ ಕರೆದುಕೊಂಡು ಬಂದೆ, ನನಗೇನು ಬಂದಿತ್ತು ಎಂದು ಬೈದುಕೊಂಡೆ. ಆಗ ಬಂತು. "ವಿಶ್ವಾವಸು... ಸಂವತ್ಸರ." ಬೆರಳು ಕೆಳಗಿನ ಸಾಲಿಗೆ ಇಳಿಯಿತು. "ರಾಜ... ರವಿ. ಮಂತ್ರಿ... ಚಂದ್ರ." ಮೊದಲೆಲ್ಲ ಊಟ ತಣ್ಣಗಾಗುವವರೆಗೂ ಓದುತ್ತಿದ್ದರು, ಈ ಸಲ ಇಷ್ಟೇ. ಪುಸ್ತಕ ಮುಚ್ಚಿ ಸುತ್ತ ಎಲ್ಲರನ್ನೂ ಒಮ್ಮೆ ನೋಡಿದರು, ಹಿಂದೆ ಸಂಬಳ ಏರಿದ ದಿನ ಮನೆಗೆ ಬಂದು ನೋಡುತ್ತಿದ್ದರಲ್ಲ, ಹಾಗೆ. ಯಾರೋ ಚಪ್ಪಾಳೆ ಶುರುಮಾಡಿದರು. ಪಂಚಾಂಗಕ್ಕೆ ಚಪ್ಪಾಳೆ ತಟ್ಟಿದ್ದನ್ನು ನಾನು ಕಂಡಿರಲಿಲ್ಲ. ಕೇಶವಮೂರ್ತಿಗಳು ಕಣ್ಣೊರೆಸಿಕೊಂಡು, "ಗೋಪಿ, ನಿನ್ನ ಸೀಟು ನಿನಗೇ ಕಣಯ್ಯ" ಎಂದು ಬೇವುಬೆಲ್ಲವನ್ನು ತಾವೇ ಇವರ ಬಾಯಿಗೆ ಹಾಕಿದರು. ಮನೆಗೆ ಬಂದವಳೇ ದೃಷ್ಟಿ ತೆಗೆದೆ. ಪ್ರಕೃತಿ ಈಗ ಅನನ್ಯಾಳ ಪಕ್ಕ ಕೂತು ಡಬ್ಬಿ ನೋಡಿಕೊಂಡು ಕನ್ನಡ ಅಕ್ಷರ ಬರೆಯುತ್ತಿದ್ದಾಳೆ, "ಚಲೋ ಅತ್ತೇ, ನಿಮ್ಮ ಕೋಡ್ ಕ್ರ್ಯಾಕ್ ಮಾಡ್ತೀನಿ" ಎನ್ನುತ್ತಾ.

ಇಷ್ಟೇ. ತುಂಬ ಬರೆದೆ, ಮಿಷನ್ ತೆಗೆದಿಟ್ಟು ಕೂತು ನಿಧಾನವಾಗಿ ಓದಿ. ನಿಮ್ಮ ಆಶೀರ್ವಾದ ನಮ್ಮೆಲ್ಲರ ಮೇಲಿರಲಿ. ಕಾಗದ ಕೈಸೇರಿತೆಂದು ಯಾರಿಂದಲಾದರೂ ಒಂದು ಫೋನು ಮಾಡಿಸಿ, ಇಲ್ಲವಾದರೆ ನಾನು ದಾರಿ ನೋಡಿ ನೋಡಿ ಸಾಯುತ್ತೇನೆ.

ನಿಮ್ಮ
ರತ್ನ

ತಾ. ಕ.: ಅಕ್ಕಾ, ಸಂದೀಪ ಆಫೀಸಿಗೆ ಹೊರಟು ನಿಂತಿದ್ದಾನೆ, ಕಾಗದ ಕೊಡು ಎಂದು ಅವಸರ ಮಾಡುತ್ತಿದ್ದಾನೆ. ಅಷ್ಟರಲ್ಲಿ ಇವರು ನನ್ನ ಪೆನ್ನಿಗೆ ಎಡಗೈ ಚಾಚಿ ನಿಂತಿದ್ದಾರೆ. ಕಾಯಿಲೆ ಬಿದ್ದ ಮೇಲೆ ಇದುವರೆಗೂ ಒಂದಕ್ಷರ ಬರೆದವರಲ್ಲ. ನಾನಿಲ್ಲಿ ನಿಂತರೆ ಬಾಯಿ ಸುಮ್ಮನಿರುವುದಿಲ್ಲ, ಹಾಗಾಗಿ ಬಾಲ್ಕನಿಗೆ ಹೋಗುತ್ತಿದ್ದೇನೆ. ಏನು ಬರೆಯುತ್ತಾರೋ ನೋಡುವುದಿಲ್ಲ, ತಿದ್ದುವುದಿಲ್ಲ. ಹಾಗೇ ಅಂಟಿಸಿ ಕಳಿಸುತ್ತೇನೆ.

ಅಕ್ಕ
ನಾನು ಗೋಪಿ
ಇವಳ ಸಾರಿಗೆ ಉಪ್ಪಿಲ್ಲ
ಬಾ