ಕರಡಿಗುಡ್ಡದ ಎಂಟನೇ ಹನಿ

ಬಿಸಿಲ್ದಿಂಗಳು ನಾಲ್ಕು, ೨೩೪೧

ಮುನ್ನೂರು ವರ್ಷ ಹಿಂದಿನ ಹಿರಿಯರೇ,

ಈ ತಿಂಗಳು ನಿಮ್ಮ ಪಂಚಾಂಗದಲ್ಲಿ ಇಲ್ಲ. ಬೇಸಿಗೆ ಹಿಗ್ಗಿದ ಮೇಲೆ ನಾವು ಸೇರಿಸಿಕೊಂಡ ಹದಿಮೂರನೆಯದು ಇದು. ಈಗ ಶಾಲೆಗಳಿಗೆ ರಜೆ, ಸಂತೆ ನಸುಕಿಗೇ ಮುಗಿಯುತ್ತದೆ, ಮಧ್ಯಾಹ್ನ ಬೀದಿಯಲ್ಲಿ ನಾಯಿಯೂ ಕಾಣುವುದಿಲ್ಲ. ಇಂಥ ಅಪರಿಚಿತ ಪದಗಳು ಮುಂದೆಯೂ ಬಂದರೆ ಕ್ಷಮಿಸಿ.

ನಾನು ಕೊಪ್ಪಳ ಸೀಮೆಯ ಕಲ್ಲೋದುಗ. ಬಂಡೆಗಳ ಮೇಲಿನ ಕಲ್ಲುಹೂವನ್ನು ನೋಡಿ ಗಾಳಿ ಹೇಗಿದೆ ಎಂದು ಹೇಳುವುದು ನಮ್ಮ ಕೆಲಸ. ಪಾಚಿಯೂ ಶಿಲೀಂಧ್ರವೂ ಕೂಡಿ ಬಾಳುವ ಈ ಜೀವ ವರ್ಷಕ್ಕೆ ಕೂದಲೆಳೆಯಷ್ಟು ಬೆಳೆಯುತ್ತದೆ. ನೀವು ಮಸಾಲೆಗೆ ಹುರಿಯುವ ಬಗೆಯನ್ನು ನಾವು ಕೊಠಡಿಗಳಲ್ಲಿ ಬೆಳೆಸುತ್ತೇವೆ. ಅದರ ನೆಂಟ ಬೂದಿಹೂವು ಮಾತ್ರ ಕರಡಿಗುಡ್ಡದ ಒಂದೇ ಬಂಡೆಯ ಮೇಲೆ ಉಳಿದಿದೆ. ಹಿಂದೆ ರೊಟ್ಟಿಯಷ್ಟು ಅಗಲವಿತ್ತಂತೆ. ಈಗ ಹೆಬ್ಬೆರಳ ಉಗುರಿನಷ್ಟಿದೆ. ಅದು ಇರುವವರೆಗೆ ಕಲ್ಲು ಕ್ವಾರಿಯವರು ಗುಡ್ಡ ಒಡೆಯುವಂತಿಲ್ಲ ಎಂಬುದು ಕಾನೂನು.

ಗುಡ್ಡದ ಹೊಣೆ ಕೈ ಬದಲಾದಾಗ ಹೊಸ ಕಲ್ಲೋದುಗ ಹೂವಿನ ಅಂಚಿಗೆ ಒಂದು ಹನಿ ಬ್ಲೀಚಿಂಗ್ ನೀರು ಬಿಡಬೇಕು. ಕೆಂಪಾದರೆ ಇದು ಅದೇ ಜಾತಿ ಎಂದು ಸಹಿ ಹಾಕಬೇಕು. ಏಳು ಜನ ಹಾಗೆ ಮಾಡಿದ್ದಾರೆ. ಹೂವು ಕುಗ್ಗಿದಾಗ ಬಿಸಿಲನ್ನು ದೂರಿದೆವು, ನೆರಳಿಗೆ ಗೋಡೆ ಎಬ್ಬಿಸಿದೆವು. ಆಮೇಲೆ ಆಡುಗಳನ್ನು ದೂರಿ ಕುರಿಗಾಹಿಗಳ ದಾರಿ ಮುಚ್ಚಿದೆವು. ಹೋದ ವಾರ ನನ್ನ ಜೊತೆ ಕೆಲಸ ಮಾಡುವ ಹುಲಿಗೆಮ್ಮ ಹಳೆಯ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಳು. ಹನಿ ಬಿದ್ದ ಕಡೆಯಲ್ಲೆಲ್ಲ ತೂತು. ತೂತಿನ ಸುತ್ತ ಪದರ ಎದ್ದು ಉದುರಿದೆ.

“ಅಲ್ರೀ, ನೀ ಹೌದೋ ಅಲ್ಲೋ ಅಂತ ಕೇಳಿ ಕೇಳೇ ಕೊಂದೀವಲ್ಲ!” ಎಂದಳು.

ನಮ್ಮ ಮುಖ್ಯಸ್ಥ ಯಮನೂರಪ್ಪ ಒಪ್ಪಲಿಲ್ಲ. “ಕೇಳದಿದ್ರ ಇದು ಅದ ಜಾತಿ ಅಂತ ಹ್ಯಾಂಗ ನಂಬೂದವ್ವಾ? ಕ್ವಾರಿಯವ್ರು ನಾಳೆನ ಕೋರ್ಟಿಗೆ ಹೊಕ್ಕಾರ.”

“ಏಳು ಮಂದಿಗೂ ಹೌದು ಅಂದೈತ್ರೀ ಅಜ್ಜಾರ. ಎಂಟನೇ ಸಲ ಆಣಿ ಮಾಡ್ಸಾಕ ಅದೇನ್ ಕಳ್ಳೇನು?”

ಎಂಟನೆಯವನು ನಾನು. ನಾಡಿದ್ದು ನನ್ನ ಸರದಿ. ಹನಿ ಬಿಟ್ಟರೆ ಹೂವು ಹೋಗುತ್ತದೆ, ಅದರ ಹಿಂದೆ ಗುಡ್ಡವೂ ಹೋಗುತ್ತದೆ. ಬಿಡದಿದ್ದರೆ ಸಹಿ ಬೀಳುವುದಿಲ್ಲ, ಗುಡ್ಡ ಕ್ವಾರಿಯ ಪಾಲಾಗುತ್ತದೆ. ನಾನು ಬಿಡುವುದಿಲ್ಲ ಎಂದು ತಿಳಿಸಿದ್ದೇನೆ. ಯಮನೂರಪ್ಪನವರು ಬೈಯಲಿಲ್ಲ, ನಿಯಮ ಬದಲಿಸುವ ಅಧಿಕಾರ ತಮಗಿಲ್ಲ ಎಂದಷ್ಟೇ ಹೇಳಿದರು.

ಆ ಅಧಿಕಾರ ಇರುವುದು ನಿಮಗೆ. ಕಲ್ಲುಹೂವನ್ನು ಪ್ರೀತಿಸುವ ಕೆಲವರು ನಿಮ್ಮ ಕಾಲದಲ್ಲಿ ಒಂದೆಡೆ ಕೂತು, ಯಾರೂ ಮೋಸ ಮಾಡದಿರಲಿ ಎಂದು ಈ ನಿಯಮ ಬರೆಯಲಿದ್ದಾರೆ. ಅವರ ಉದ್ದೇಶ ಒಳ್ಳೆಯದೇ. ಪರೀಕ್ಷಿಸುವವರು ಬರುತ್ತಲೇ ಇರುತ್ತಾರೆ, ಹೂವು ಮಾತ್ರ ಒಂದೇ ಉಳಿಯುತ್ತದೆ ಎಂಬುದು ಅವರಿಗೆ ತಿಳಿದಿಲ್ಲ. ಅವರ ಪರಿಚಯ ನಿಮಗಿದ್ದರೆ ದಯವಿಟ್ಟು ಹೇಳಿ: ಒಮ್ಮೆ ಕೇಳಿದರೆ ಸಾಕು. ಆಮೇಲೆ ಬಂದವರು ಮೊದಲು ಬಂದವರ ಮಾತನ್ನು ನಂಬಲಿ.

ಇತಿ,
ಗಾಳೆಪ್ಪ, ಕರಡಿಗುಡ್ಡ